ಮಾರಿಸ್, ಪ್ಲಿಮತ್ ಮತ್ತು ಒಂದು ಹಿತ್ತಾಳೆಯ ಪಟ್ಟಿ

ಕಳೆದ ಜನವರಿಯ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತೂಕಾಲಿಗೆ ನಾನು ಬೆಳಗಾವಿ ಕ್ಯಾಂಪಿನ ಒಂದು ಮೈದಾನದಲ್ಲಿ, ಬೇಲಿಗೆ ಹತ್ತಿದ ಬೇವಿನ ಮರದ ಕೆಳಗೆ ನಿಂತಿದ್ದೆ. ದೊಡ್ಡಪ್ಪನ ಮಗಳು ಶಾಂತಕ್ಕ ಹತ್ತೂವರೆಗೆ ಬರುವವಳಿದ್ದಳು, ಅದಕ್ಕೆ ಕೈಗಡಿಯಾರ ನೋಡುತ್ತಿದ್ದೆ. ಹೀಗಾಗಿ ಹೊತ್ತಿನ ಬಗ್ಗೆ ನನಗೆ ಸಂಶಯವಿಲ್ಲ. ಅಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಎಡಕ್ಕೆ ಇಂಗ್ಲೆಂಡಿನ ಕಾರುಗಳ ಸಾಲು, ಬಲಕ್ಕೆ ಅಮೆರಿಕದ ಕಾರುಗಳ ಸಾಲು, ನಡುವೆ ಜನ. ಎಡದ ಸಾಲಿನ ಐದನೆಯ ಕಾರಿನ ಬಾಗಿಲನ್ನು ಯಾರೋ ತೆರೆದರು. ಬಿಸಿಲಿಗೆ ಕಾದ ಹಳೆಯ ಚರ್ಮದ ಸೀಟು, ಪೆಟ್ರೋಲು, ಸೀಟಿನೊಳಗೆ ತುಂಬಿದ ನಾರು, ಇವು ಮೂರೂ ಕೂಡಿದ ಒಂದು ವಾಸನೆ ನನ್ನ ತನಕ ಬಂತು. ಕಾರನ್ನು ನಾನಿನ್ನೂ ಸರಿಯಾಗಿ ನೋಡಿರಲಿಲ್ಲ. ಆದರೂ ಅದು ಖಾನಾಪುರದ ನಮ್ಮ ಮನೆಯ ಮಾರಿಸ್ ಮೈನರ್ ಎಂದು ತಿಳಿದುಹೋಯಿತು. ನಂತರ ನಂಬರ್ ಪ್ಲೇಟ್ ಓದಿ ಖಾತ್ರಿ ಮಾಡಿಕೊಂಡೆ. ಮೂಗು ಹೇಳಿದ್ದನ್ನಷ್ಟೇ ನಂಬುವ ವಯಸ್ಸು ನನ್ನದಲ್ಲ.

ಖಾನಾಪುರದಲ್ಲಿ ನಮ್ಮದು ಹಂಚಿನ ಕಾರ್ಖಾನೆಯ ಮನೆ. ಮುಂದೆ ಮನೆ, ಹಿಂದೆ ಭಟ್ಟಿ, ಎರಡರ ನಡುವಿನ ಅಂಗಳದಲ್ಲಿ ನಮ್ಮದೇ ಹಂಚು ಹೊದಿಸಿದ ಒಂದು ಶೆಡ್ಡು. ಈಗ ಆ ಜಾಗದಲ್ಲಿ ಮಂಗಲ ಕಾರ್ಯಾಲಯವಿದೆ, ನಾನೇ ಎರಡು ಸಲ ಅಲ್ಲಿ ಅಕ್ಷತೆಗೆ ಹೋಗಿ ಊಟ ಮಾಡಿ ಬಂದಿದ್ದೇನೆ. ನಿಮ್ಮ ಊರಿನಲ್ಲೂ ಹೀಗೆ ನೀವು ಹುಟ್ಟಿದ ಕೋಣೆಯಿದ್ದಲ್ಲಿ ಯಾರೋ ಎಲೆ ಹಾಕಿ ಅನ್ನ ಬಡಿಸುತ್ತಿರಬಹುದು. ಹಾಗಿದ್ದರೆ ನಾನು ಹೆಚ್ಚು ವಿವರಿಸಬೇಕಿಲ್ಲ. ಮನೆಯ ಯಜಮಾನ ದೊಡ್ಡಪ್ಪ. ಅಪ್ಪ ಅವನ ತಮ್ಮ. ದೊಡ್ಡಪ್ಪ ಪಡಸಾಲೆಯ ಜೋಕಾಲಿಯ ಮೇಲೆ ಕೂತಿದ್ದರೆ ಮನೆಯಲ್ಲಿ ಒಂದು ರೀತಿಯಿತ್ತು: ಅವನು ಕೇಳಿದ್ದಕ್ಕೆ ಮಾತ್ರ ಉತ್ತರ, ಕೇಳದಿದ್ದುದು ಬಾಯಿಂದ ಬರಬಾರದು. ಮಕ್ಕಳಿಗೂ ಇದೇ, ಸೊಸೆಯರಿಗೂ ಇದೇ, ನಲವತ್ತು ದಾಟಿದ ನನ್ನ ಅಪ್ಪನಿಗೂ ಇದೇ. ಯಾರೂ ಬರೆದಿಟ್ಟ ನಿಯಮವಲ್ಲ. ಆದರೆ ಒಂದೇ ಒಂದು ಸಲ ಬಿಟ್ಟರೆ ಅದನ್ನು ಮೀರಿದ್ದನ್ನು ನಾನು ಕಾಣಲಿಲ್ಲ.

ಶೆಡ್ಡಿನಲ್ಲಿ ಎರಡು ಕಾರುಗಳು ಪಕ್ಕಪಕ್ಕ ನಿಲ್ಲುತ್ತಿದ್ದವು. ದೊಡ್ಡಪ್ಪನದು ಅಮೆರಿಕದ ಪ್ಲಿಮತ್. ಬಾನೆಟ್ಟಿನ ತುದಿಗೆ ಒಂದು ಪುಟ್ಟ ಹಡಗು, ಗೇರಿನ ಕಡ್ಡಿ ಸ್ಟೀರಿಂಗಿನ ಬದಿಗೆ, ಮುಂದಿನ ಸೀಟು ಮಂಚದಷ್ಟು ಅಗಲ. ನಾವು ಆರು ಮಕ್ಕಳು, ಅಪ್ಪನ ತಾಯಿ ಆಯಿ, ಎರಡು ಚೀಲ ಅಕ್ಕಿ, ಇಷ್ಟನ್ನೂ ಹೊತ್ತು ಅದು ಜಾಂಬೋಟಿಯ ಏರನ್ನು ಹತ್ತುತ್ತಿದ್ದರೆ ಒಳಗೆ ಕೂತವರಿಗೆ ಏರು ಬಂದದ್ದೇ ತಿಳಿಯುತ್ತಿರಲಿಲ್ಲ. ಅಪ್ಪನದು ಇಂಗ್ಲೆಂಡಿನ ಮಾರಿಸ್. ದುಂಡಗೆ, ಗಿಡ್ಡಗೆ, ಹಸಿರು ಬಣ್ಣ. ತಿರುಗುವಾಗ ಬಾಗಿಲ ಹಿಂದಿನ ಸಂದಿಯಿಂದ ಕಿತ್ತಳೆ ಬಣ್ಣದ ಸಣ್ಣದೊಂದು ಕೈ ಹೊರಗೆ ಬಂದು ದಾರಿ ತೋರಿಸುತ್ತಿತ್ತು. ಅದು ಏರಿನಲ್ಲಿ ಎರಡನೆಯ ಗೇರಿಗೆ ಬಂದು, ಪ್ರತಿಯೊಂದು ಕಲ್ಲನ್ನೂ ಲೆಕ್ಕ ಹಾಕುತ್ತ ಹತ್ತುತ್ತಿತ್ತು. ದೊಡ್ಡಪ್ಪ ಅದನ್ನು ಅಕ್ಕಿ ಡಬ್ಬಿ ಎನ್ನುತ್ತಿದ್ದ. ಅಪ್ಪ ಉತ್ತರ ಕೊಡುತ್ತಿರಲಿಲ್ಲ, ಅದು ಪ್ರಶ್ನೆಯಾಗಿರಲಿಲ್ಲವಲ್ಲ. ಆದರೆ ಭಾನುವಾರ ಮಧ್ಯಾಹ್ನ ಊಟದ ತಟ್ಟೆ ಹಿಡಿದುಕೊಂಡು ಹೋಗಿ ಮಾರಿಸ್‌ನಲ್ಲಿ ಒಬ್ಬನೇ ಕೂತು ಉಣ್ಣುತ್ತಿದ್ದ. ಆ ಮನೆಯಲ್ಲಿ ಅವನ ಸ್ವಂತದ್ದೆಂದು ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಅದೊಂದೇ ಇತ್ತೆಂದು ನನಗೀಗ ಅನ್ನಿಸುತ್ತದೆ.

ಎರಡೂ ಕಾರುಗಳನ್ನು ನೋಡಿಕೊಳ್ಳುತ್ತಿದ್ದವರು ಯಲ್ಲಪ್ಪ ಕಾಕಾ. ನಂದಗಡದವರು, ಕುರಿ ಕಾಯುವ ಮನೆತನ. ಆ ಮನೆತನದಲ್ಲಿ ಸ್ಟೀರಿಂಗ್ ಹಿಡಿದ ಮೊದಲಿಗರು. ಡ್ರೈವರೂ ಅವರೇ, ರಿಪೇರಿಯ ಮೇಸ್ತ್ರಿಯೂ ಅವರೇ. ಅವರ ಹತ್ತಿರ ಸಲಕರಣೆಗಳ ಎರಡು ಡಬ್ಬಿಗಳಿದ್ದವು, ಇಂಗ್ಲೆಂಡಿನದಕ್ಕೆ ಕೆಂಪು, ಅಮೆರಿಕದ್ದಕ್ಕೆ ನೀಲಿ. ಒಂದರ ನಟ್ಟು ತಿರುಗಿಸುವ ಪಾನಾ ಇನ್ನೊಂದರ ನಟ್ಟಿಗೆ ಕೂಡುತ್ತಿರಲಿಲ್ಲ, ಅಳತೆಯೇ ಬೇರೆ. ಸ್ಕ್ರೂಗಳಂತೂ ನೋಡಿದರೇ ತಿಳಿಯುತ್ತಿತ್ತು. ನಮ್ಮ ಮಾರಿಸ್‌ನ ಸ್ಕ್ರೂಗಳ ತಲೆಯ ಮೇಲೆ ಒಂದೇ ಗೀಟು. ಪ್ಲಿಮತ್‌ನ ಸ್ಕ್ರೂಗಳ ಮೇಲೆ ಶಾಲೆಯ ಅಧಿಕ ಚಿಹ್ನೆ, ಎರಡು ಗೀಟು ಅಡ್ಡಡ್ಡ. ಅದಕ್ಕೆ ಕೆಂಪು ಡಬ್ಬಿಯಲ್ಲಿ ಕಟ್ಟಿಗೆ ಹಿಡಿಯ ಗೀಟಿನ ಸ್ಕ್ರೂಡ್ರೈವರ್, ನೀಲಿ ಡಬ್ಬಿಯಲ್ಲಿ ಹಳದಿ ಹಿಡಿಯ ಅಧಿಕದ್ದು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಶಾಲೆ ಬಿಟ್ಟ ಕೂಡಲೇ ಶೆಡ್ಡಿಗೆ ಓಡುತ್ತಿದ್ದೆ. ಅವರು ಕಾರಿನ ಕೆಳಗಿನಿಂದ ಕೈ ಚಾಚಿ "ಯಾವುದು ಬೇಕು ಹೇಳು" ಎನ್ನುತ್ತಿದ್ದರು. ನಾನು ಕಾರು ನೋಡಿ ಸರಿಯಾದ ಸ್ಕ್ರೂಡ್ರೈವರ್ ಕೊಡಬೇಕು. ಎಂದೂ ತಪ್ಪಿರಲಿಲ್ಲ. ಅವರಿಗೆ ಇನ್ನೊಂದು ಪದ್ಧತಿಯಿತ್ತು. ಮಾರಿಸ್‌ನ ಯಾವ ಸ್ಕ್ರೂ ಬಿಗಿದರೂ ಕೊನೆಯಲ್ಲಿ ಅದರ ಗೀಟು ಅಡ್ಡಲಾಗಿ, ಮಟ್ಟವಾಗಿ ನಿಲ್ಲಬೇಕು. "ಸಾವಕಾರ್ರ ಹಣಿ ಮ್ಯಾಲಿನ ವಿಭೂತಿ ಹಂಗ ನಿಲ್ಲಬೇಕ ತಂಗಿ. ಓರೆ ಆತಂದ್ರ ನನ್ನ ಬಿಟ್ಟು ಯಾರೋ ಕೈ ಹಾಕ್ಯಾರ ಅಂತ ತಿಳೀತೈತಿ."

ಬಾನೆಟ್ ಎತ್ತಿದರೆ ಮಾರಿಸ್‌ನ ಎಂಜಿನ್ನಿನ ಹಿಂದೆ ಒಂದು ಹಿತ್ತಾಳೆಯ ಪಟ್ಟಿಯಿತ್ತು. ಅಂಗೈಗಿಂತ ಸಣ್ಣದು, ಎರಡು ಸ್ಕ್ರೂ, ಮೇಲೆ ಕಾರಿನ ನಂಬರುಗಳು. ಒಮ್ಮೆ ಅದರ ಎಡಗಡೆಯ ಕೆಳಗಿನ ಮೂಲೆ ಬೆರಳು ಕೊಯ್ದಿತೆಂದು ಯಲ್ಲಪ್ಪ ಕಾಕಾ ಆ ಮೂಲೆಯೊಂದನ್ನು ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ ದುಂಡಗೆ ಮಾಡಿದ್ದರು. ಮೂರು ಮೂಲೆ ಚೂಪು, ಒಂದು ದುಂಡು. ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ.

ಆ ವರ್ಷ ದೊಡ್ಡಪ್ಪ ಹಂಚು ಒಣಗಿಸಲು ಜಾಗ ಸಾಲದೆಂದು ಶೆಡ್ಡಿನ ಅರ್ಧ ಬೇಕೆಂದ. ಎರಡರಲ್ಲಿ ಒಂದು ಕಾರು ಹೋಗಬೇಕು. ಹಳೆಯ ಕಾರುಗಳನ್ನು ಕೂಡಿಡುವ ಶೋಕಿಯ ಒಬ್ಬರು ಮುಂಬಯಿಯಿಂದ ಬಂದರು. ಬಿಳಿ ಶೂಸು, ಕುತ್ತಿಗೆಗೆ ಕರವಸ್ತ್ರ. ಒಂದು ಭಾನುವಾರ ಅರ್ಧ ದಿನ ಎರಡೂ ಕಾರುಗಳ ನಡುವೆ ಅಡ್ಡಾಡಿದರು. ಅಮೆರಿಕದ ಕಾರು ಮೆರವಣಿಗೆಗೆ ಚಂದ, ಆದರೆ ಅದಕ್ಕೆ ದೊಡ್ಡ ಮನೆ ಬೇಕು, ಪೆಟ್ರೋಲು ಕುಡಿಯಲು ದೊಡ್ಡ ಹೊಟ್ಟೆ, ಸಾಮಾನು ಹುಡುಕಲು ಊರೂರು ತಿರುಗಬೇಕು ಎಂದರು. ಇಂಗ್ಲೆಂಡಿನದು ಸಣ್ಣದು, ಮುರಿದರೆ ಕೈಯಿಂದಲೇ ತಿದ್ದಬಹುದು, ಅದರ ಬಂಧು ಬಳಗ ನಮ್ಮ ದೇಶದ ರಸ್ತೆಯ ಮೇಲೆಲ್ಲ ಓಡುತ್ತಿದೆ ಎಂದರು. ಕೊನೆಗೆ ಮಾರಿಸ್‌ನ ಬಾನೆಟ್ ಎತ್ತಿ ಹಿತ್ತಾಳೆಯ ಪಟ್ಟಿಯ ಮೇಲೆ ಬೆರಳಾಡಿಸಿ, "ಹೀ ಖರೀ ಆಹೇ" ಎಂದು ಮರಾಠಿಯಲ್ಲಿ ಹೇಳಿದರು. ಇದು ಖರೇದು ಎಂದು. ಮುಂದಿನ ಭಾನುವಾರ ಬಂದು ಮಾರಿಸ್ ಒಯ್ಯುವುದಾಗಿ ಮಾತಾಯಿತು. ಅಪ್ಪ ಕಂಬಕ್ಕೆ ಆತು ನಿಂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಈಗ ಆ ಶನಿವಾರದ ವಿಷಯ. ಶನಿವಾರ ಮುಂಜಾನೆಯ ಶಾಲೆ, ಹನ್ನೆರಡಕ್ಕೆ ಮನೆಗೆ ಬಂದಿದ್ದೆ. ನಾನು ನಿಂತದ್ದು ಮಾಳಿಗೆಯ ಹಿಂದಿನ ಕಿಟಕಿಯಲ್ಲಿ. ನನ್ನ ಬಲಕ್ಕೆ ಶಾಂತಕ್ಕ ಕೂತು ತಲೆ ಬಾಚಿಕೊಳ್ಳುತ್ತಿದ್ದಳು, ಅವಳಿಗಾಗ ಹನ್ನೆರಡು ವರ್ಷ. ಕೆಳಗೆ ಶೆಡ್ಡಿನಲ್ಲಿ ಎರಡೂ ಕಾರುಗಳ ಬಾನೆಟ್ಟುಗಳು ತೆರೆದಿದ್ದವು. ಮಾರಿಸ್‌ನ ಎಂಜಿನ್ನನ್ನು ಯಲ್ಲಪ್ಪ ಕಾಕಾ ಸೀಮೆಎಣ್ಣೆಯಿಂದ ತೊಳೆದು ಆರಲು ಬಿಟ್ಟಿದ್ದರು. ಅವರು ಬಗ್ಗಿದ್ದು ಪ್ಲಿಮತ್‌ನ ಮೇಲೆ, ದೀಪದ ಸುತ್ತಲಿನ ಬಳೆಯನ್ನು ಬಿಗಿಯುತ್ತಿದ್ದರು. ಕೈಯಲ್ಲಿ ಹಳದಿ ಹಿಡಿಯ ಸ್ಕ್ರೂಡ್ರೈವರ್ ಇತ್ತು. ಬಿಸಿಲಿಗೆ ಆ ಹಳದಿ ಒಮ್ಮೆ ಮಿಂಚಿತು. ಊಟಕ್ಕೆ ಕರೆದರು, ನಾವು ಇಳಿದು ಹೋದೆವು. ಇಷ್ಟೇ ನಾನು ಕಂಡದ್ದು. ಆಮೇಲೆ ಕಾಕಾ ಊಟಕ್ಕೆ ಹೋದಾಗ ಶೆಡ್ಡಿನಲ್ಲಿ ಯಾರಿದ್ದರೆಂದು ನಾನು ನೋಡಲಿಲ್ಲ. ನೋಡಿದೆ ಎಂದು ಹೇಳುವುದೂ ಇಲ್ಲ.

ಭಾನುವಾರ ಮುಂಬಯಿಯವರು ಬಂದು ಬಾನೆಟ್ ಎತ್ತಿದರೆ ಪಟ್ಟಿ ಇರಲಿಲ್ಲ. ಎರಡು ಸ್ಕ್ರೂಗಳನ್ನು ಮಾತ್ರ ಯಾರೋ ಮರಳಿ ಅವುಗಳ ತೂತಿಗೆ ತಿರುವಿ ಕೂಡಿಸಿದ್ದರು. ಮುಂಬಯಿಯವರ ಮುಖ ಬದಲಾಯಿತು. ಪಟ್ಟಿ ಹೋಯಿತೆಂದರೆ ಒಳಗೆ ಇನ್ನೇನೇನು ಬದಲಾಗಿದೆಯೋ ಯಾರಿಗೆ ಗೊತ್ತು, ಇಂಥ ಕಾರು ನನಗೆ ಬೇಡ ಎಂದರು. ಇಂಥ ಪಟ್ಟಿಗಳನ್ನು ಬಿಚ್ಚಿ ಒಯ್ದು ಬೇರೆ ಕಾರಿಗೆ ಹಚ್ಚುವ ದಲಾಲರು ತಿರುಗಾಡುತ್ತಾರೆಂದೂ ಹೇಳಿದರು. ಅಂಥವನೊಬ್ಬ ಬಸ್ ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಯಲ್ಲಪ್ಪನ ಜೊತೆ ಚಹಾ ಕುಡಿದಿದ್ದನ್ನು ಯಾರೋ ಕಂಡಿದ್ದರಂತೆ. ಯಾರು ಕಂಡದ್ದು ಎಂದು ಇವತ್ತಿಗೂ ನನಗೆ ತಿಳಿದಿಲ್ಲ. ಹತ್ತು ನಿಮಿಷದಲ್ಲಿ ಪಡಸಾಲೆಯ ಎಲ್ಲ ಕಣ್ಣುಗಳೂ ಮೆಟ್ಟಿಲ ಕೆಳಗೆ ನಿಂತ ಕಾಕಾನ ಮೇಲಿದ್ದವು. ಆಗ ಅಪ್ಪ ನನ್ನನ್ನು ಕರೆದ. ದೊಡ್ಡಪ್ಪನಲ್ಲ, ಅಪ್ಪ.

"ನೀಲಾ, ನಿನ್ನಿ ಮಧ್ಯಾಹ್ನ ಮಾಳಿಗಿ ಕಿಡಕ್ಯಾಗ ಇದ್ದಿಲ್ಲ?"

"ಇದ್ದೆ."

"ಮಾರಿಸ್ ಬಾನೆಟ್ ತೆರೆದಿತ್ತೋ ಇಲ್ಲೋ?"

"ತೆರೆದಿತ್ತು."

"ಯಲ್ಲಪ್ಪನ ಕೈಯಾಗ ಏನಿತ್ತು?"

"ಸ್ಕ್ರೂಡ್ರೈವರ್."

"ಸಾಕು. ಒಳಗ ಹೋಗು."

ಒಂದೊಂದು ಉತ್ತರವೂ ನಿಜ. ಅಪ್ಪನ ಬಲಗೈ ಹೆಬ್ಬೆರಳಿಗೆ ಬಿಳಿ ಬಟ್ಟೆ ಸುತ್ತಿತ್ತು, ಅದನ್ನೂ ಕಂಡೆ. ಯಲ್ಲಪ್ಪ ಕಾಕಾ ನನ್ನನ್ನೇ ನೋಡುತ್ತಿದ್ದರು. ನಾನು ಹೊಸ್ತಿಲು ದಾಟುವ ತನಕ ನೋಡುತ್ತಿದ್ದರು. ಆಮೇಲೆ ಕೆಂಪು ಡಬ್ಬಿ, ನೀಲಿ ಡಬ್ಬಿ, ಎರಡು ಕಾರುಗಳ ಕೀಲಿಗಳು, ಇವನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ನಂದಗಡದ ಬಸ್ಸಿಗೆ ಹೋದರು. ದೊಡ್ಡಪ್ಪ ಒಂದು ಕಾರು ಕೊಡುವುದಾಗಿ ಮಾತು ಕೊಟ್ಟವನು. ಮಾತಿಗೆ ತಪ್ಪಲಾರದೆ ತನ್ನ ಪ್ಲಿಮತ್ತನ್ನೇ ಕೊಟ್ಟುಬಿಟ್ಟ. ಹಡಗು ಹೊತ್ತ ಬಾನೆಟ್ಟು ಪೀರನವಾಡಿಯ ಕಡೆಗೆ ಹೊರಳಿ ಮರೆಯಾಗುವಾಗ ಅವನು ಜೋಕಾಲಿಯಿಂದ ಏಳಲಿಲ್ಲ. ಮಾರಿಸ್ ಉಳಿಯಿತು. ಆ ಮೇಲೆ ಖಾನಾಪುರದಲ್ಲಿ ಯಾರೂ ತಮ್ಮ ಗಾಡಿಗೆ ಯಲ್ಲಪ್ಪನನ್ನು ಕೈ ಹಚ್ಚಗೊಡಲಿಲ್ಲ. ಅವರು ನಂದಗಡದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆಂದು ಕೇಳಿದ್ದೆವು. ಮನೆಯಲ್ಲಿ ಅವರ ಹೆಸರೆತ್ತುವುದು ನಿಂತುಹೋಯಿತು. ವರ್ಷಗಳು ಕಳೆದು ದೊಡ್ಡಪ್ಪ ಹೋದ, ಭಟ್ಟಿ ಆರಿತು, ಅಪ್ಪ ಮಾರಿಸ್ಸನ್ನು ಯಾರಿಗೋ ಕೊಟ್ಟ, ಆಮೇಲೆ ಅಪ್ಪನೂ ಹೋದ.

ಆ ಯಾರೋ ಎಂದರೆ ಬೆಳಗಾವಿಯ ಒಬ್ಬ ಡಾಕ್ಟರು. ಪ್ರದರ್ಶನದ ಮೈದಾನದಲ್ಲಿ ಕಾರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು, ಎಪ್ಪತ್ತು ದಾಟಿರಬೇಕು. ನಾನು ಯಾರ ಮಗಳೆಂದು ಹೇಳಿದೆ. "ಬರ್ರಿ, ಬರ್ರಿ, ಕುಂದರ್ರಿ" ಎಂದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಎದುರು ಸಾಲಿನವರ ಮೇಲೆ ಅವರಿಗೆ ಅಸಮಾಧಾನ. "ನೋಡ್ರಿ, ಮಂದಿ ಎಲ್ಲಾ ಆ ಕಡೆನಽ ಹೊಂಟೈತಿ. ಅಮೆರಿಕಾದ್ದು ಒಂದು ನಿಂತ್ರ ನಮ್ಮವು ಎರಡು ನಿಂತ ಜಾಗಾ ಬೇಕು. ಫೋಟೋಕ್ಕ ಅದು, ಓಡಸಾಕ ಇದು." ಅಷ್ಟರಲ್ಲಿ ಶಾಂತಕ್ಕ ಬಂದಳು. ಡಾಕ್ಟರು ಉಮೇದಿನಿಂದ ಬಾನೆಟ್ ಎತ್ತಿದರು. ಎಂಜಿನ್ನಿನ ಹಿಂದೆ ಹಿತ್ತಾಳೆಯ ಪಟ್ಟಿ ಹೊಳೆಯುತ್ತಿತ್ತು.

"ಇದು ಕಳದಿತ್ತಲ್ರೀ" ಎಂದೆ.

"ಕಳದಿತ್ತಾ? ಯಾರು ಹೇಳಿದ್ರು ನಿಮಗ? ಗಾಡಿ ಕೊಡೂ ದಿನ ನಿಮ್ಮ ತಂದೆಯವರು ಕೋಟಿನ ಕಿಸೆದಿಂದ ತಗದು ಕೊಟ್ರು. ಕರವಸ್ತ್ರದಾಗ ಸುತ್ತಿದ್ರು. ಮೊದಲ ಇದನ್ನ ಹಚ್ಚಿಸ್ರಿ ಅಂದ್ರು."

ನಾನು ಒಮ್ಮೆಲೇ ನಂಬಲಿಲ್ಲ. ಇಂಥ ಪಟ್ಟಿಗಳನ್ನು ಈಗ ಹೊಸದಾಗಿ ಮಾಡಿಸುತ್ತಾರೆಂದು ಕೇಳಿದ್ದೆ. ಡಾಕ್ಟರು ತಮ್ಮ ಕಾರಿನ ಮರ್ಯಾದೆಗೆ ಒಂದು ಕಥೆ ಕಟ್ಟಿರಬಹುದು. ಕನ್ನಡಕ ಹಾಕಿಕೊಂಡು ಬಗ್ಗಿ ಎಡಗಡೆಯ ಕೆಳಗಿನ ಮೂಲೆಯ ಮೇಲೆ ಬೆರಳಿಟ್ಟೆ. ದುಂಡಗಿತ್ತು. ಉಳಿದ ಮೂರನ್ನೂ ಮುಟ್ಟಿದೆ. ಚೂಪು. ಕುರ್ಚಿಗೆ ಬಂದು ಕೂತೆ. ಶಾಂತಕ್ಕ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು.

"ನಿನಗ ಗೊತ್ತಿತ್ತೇನ ಅಕ್ಕಾ?"

"ಏನು ಗೊತ್ತಿರತೈತಿ ಹನ್ನೆರಡು ವರ್ಷಕ್ಕ?" ಎಂದಳು. ಬಾಟಲಿಗೆ ಮುಚ್ಚಳ ಹಾಕುತ್ತ, "ಹಳದಿದು ಇತ್ತು ಅವರ ಕೈಯಾಗ. ನಾನೂ ಕಂಡಿದ್ದೆ. ಆದ್ರ ಹಳದಿಗೂ ಕಟ್ಟಿಗಿದ್ದಕ್ಕೂ ಏನು ಫರಕು ಅಂತ ನನಗೇನ ಗೊತ್ತು? ನೀ ಶೆಡ್ಡಿನ ಎಂಜಿನಿಯರ್" ಎಂದಳು.

ಕುಟುಕಿದ್ದು ನಿಜ, ಆದರೆ ತಪ್ಪೇನಿರಲಿಲ್ಲ. ಅಧಿಕದ ಸ್ಕ್ರೂಡ್ರೈವರಿನಿಂದ ಗೀಟಿನ ಸ್ಕ್ರೂ ಬಿಚ್ಚಲು ಬರುವುದಿಲ್ಲ. ಶನಿವಾರ ಕಾಕಾನ ಕೈಯಲ್ಲಿದ್ದದ್ದು ಅಧಿಕದ್ದೆಂದು ಆ ಪಡಸಾಲೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಯಲ್ಲಪ್ಪ ಕಾಕಾನಿಗೆ ಮತ್ತು ನನಗೆ. ಬಾಯಿ ತೆರೆದು "ಹಳದಿದು" ಎಂದಿದ್ದರೆ ಮುಗಿಯುತ್ತಿತ್ತು. ಅಪ್ಪ ಯಾವುದು ಎಂದು ಕೇಳಲಿಲ್ಲ, ನಾನು ಹೇಳಲಿಲ್ಲ. ಅವನು ಕೇಳದೆ ಬಿಟ್ಟದ್ದು ನಾನು ಹೇಳಲಾರೆನೆಂಬ ಭರವಸೆಯಿಂದಲೋ ಎಂಬ ಅನುಮಾನ ಆ ಕುರ್ಚಿಯ ಮೇಲೆ ಕೂತಾಗ ಹುಟ್ಟಿತು, ಇನ್ನೂ ಹೋಗಿಲ್ಲ. ಹೆಬ್ಬೆರಳಿನ ಬಟ್ಟೆಯನ್ನು ಕಂಡಿದ್ದ ನಾನು ಅಂದೇ ಏನನ್ನಾದರೂ ಊಹಿಸಿದ್ದೆನೋ ಎಂಬ ಅನುಮಾನ ಅದಕ್ಕಿಂತ ಹಳೆಯದು.

ಮುಂದಿನ ಬುಧವಾರ ನಂದಗಡಕ್ಕೆ ಹೋದೆ. ಯಲ್ಲಪ್ಪ ಕಾಕಾ ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಸೊಸೆ ನನ್ನ ಹೆಸರು ಹೇಳಿದಳು.

"ಹಂಚಿನ ಫ್ಯಾಕ್ಟರಿ ನೀಲಾ ಏನ? ಬಾ ತಂಗಿ, ಕುಂದರು. ನನ್ನ ಕೂದಲ ಹ್ವಾದುವು, ನಿನ್ನವು ಬೆಳ್ಳಗಾದುವು. ಆ ಮಾರಿಸ್ ಒಂದು ಬಣ್ಣಾ ಹಚಗೊಂಡು ಇನ್ನೂ ಹರೇದಾಗ ಐತೆಂತ?"

ನಾನು ಪಟ್ಟಿಯ ವಿಷಯ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ.

"ಆವತ್ತಽ ಗೊತ್ತಾಗಿತ್ತು. ಎರಡೂ ಸ್ಕ್ರೂ ಓರೆ ನಿಂತಿದ್ದುವು, ಒಂದು ಹಿಂಗ, ಒಂದು ಹಂಗ. ಸ್ಕ್ರೂಡ್ರೈವರ್ ಜಾರಿ ಸಣ್ಣ ಸಾವಕಾರ್ರ ಹೆಬ್ಬಟ್ಟಿಗಿ ಹತ್ತಿತ್ತು. ಬಟ್ಟಿ ಸುತಗೊಂಡಿದ್ರು."

"ಮತ್ತ ಯಾಕ ಹೇಳಲಿಲ್ಲ ಕಾಕಾ?"

"ಅಣ್ಣನ ಮುಂದ ತಮ್ಮನ ಹೆಸರು ನಾ ಹೇಳಬೇಕ? ಹೇಳಿದ್ರ ನಂಬತಿದ್ರ?" ಅವರು ಮೊಣಕಾಲು ತಿಕ್ಕಿಕೊಂಡರು. "ನೀ ಹೇಳತಿ ಅಂತ ನಿಂತಿದ್ದೆ. ಯಾವುದು ಅಂತ ಒಂದು ಮಾತು. ಇರಲಿ ಬಿಡು, ನಿನ್ನ ಯಾರೂ ಕೇಳಲಿಲ್ಲ."

ಕೊನೆಯ ಮಾತನ್ನು ಅವರು ನನ್ನನ್ನು ಸಮಾಧಾನಪಡಿಸಲು ಹೇಳಿದರೋ, ನಿಜವಾಗಿ ಹಾಗೆಯೇ ತಿಳಿದಿದ್ದರೋ, ಅವರ ಮುಖ ನೋಡಿ ನನಗೆ ಹೇಳಲಾಗಲಿಲ್ಲ. ಏನು ಮಾಡಲಿ ಎಂದು ಕೇಳಿದೆ. ಅವರು ಚಹಾ ಮುಗಿಸಿ ಬಟ್ಟಲನ್ನು ಕಟ್ಟೆಯ ಮೇಲೆ ಬೋರಲಿಟ್ಟರು. "ಆ ಸ್ಕ್ರೂ ಈಗ ಹ್ಯಾಂಗ ನಿಂತಾವು?" ಎಂದರು. ಓರೆಯಾಗಿವೆ, ಮೂಲೆ ಮುಟ್ಟುವಾಗ ಕಂಡೆ ಎಂದೆ. "ಹಂಗಂದ್ರ ಒಮ್ಮಿ ಕರಕೊಂಡ ಹೋಗು."

ಫೆಬ್ರವರಿಯ ಮೊದಲ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಬೆಳಗಾವಿಯಲ್ಲಿ ಡಾಕ್ಟರ ಮನೆಯ ಅಂಗಳದಲ್ಲಿ, ನಾನು ಮಾರಿಸ್‌ನ ಬಲಗಡೆಯ ಚಕ್ರದ ಹತ್ತಿರ ನಿಂತಿದ್ದೆ. ಡಾಕ್ಟರಿಗೆ ಎಲ್ಲವನ್ನೂ ಮೊದಲೇ ಹೇಳಿದ್ದೆ. ಅವರು ಬಾನೆಟ್ ಎತ್ತಿ ಬದಿಗೆ ಸರಿದರು. ಯಲ್ಲಪ್ಪ ಕಾಕಾ ಪಟ್ಟಿಯನ್ನು ಮುಟ್ಟಲಿಲ್ಲ, ಎಂಜಿನ್ನನ್ನು ಮುಟ್ಟಲಿಲ್ಲ. ಬಹಳ ಹೊತ್ತು ಸ್ಕ್ರೂಗಳನ್ನು ನೋಡಿದರು. ಆಮೇಲೆ ಹಿಂದಕ್ಕೆ, ನನ್ನ ಕಡೆಗೆ ಕೈ ಚಾಚಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ಯಾವುದು ಬೇಕು ಹೇಳು."

"ಗೀಟಿಂದು, ಕಾಕಾ" ಎಂದೆ. ಡಾಕ್ಟರ ಡಬ್ಬಿಯಿಂದ ಅದನ್ನು ಆರಿಸಿ ಅವರ ಕೈಗಿಟ್ಟೆ. ಆಮೇಲೆ, ಯಾರೂ ಕೇಳದಿದ್ದರೂ, ಉಳಿದದ್ದನ್ನು ಹೇಳಿದೆ. "ಆವತ್ತು ನಿಮ್ಮ ಕೈಯಾಗ ಇದ್ದದ್ದು ಅಧಿಕದ್ದು. ಹಳದಿ ಹಿಡಿಕಿದು. ನಾ ಕಂಡೀನಿ."

ಅವರು ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು, ಮೊದಲು ಎಡದ ಸ್ಕ್ರೂ, ಆಮೇಲೆ ಬಲದ್ದು, ಎರಡನ್ನೂ ಕೂದಲೆಳೆಯಷ್ಟು ತಿರುವಿದರು. ಎರಡರ ಗೀಟೂ ಅಡ್ಡಲಾಗಿ, ಮಟ್ಟವಾಗಿ ನಿಂತಿತು.

ಮಾಳಿಗೆಯ ಕಿಟಕಿಯಿಂದ ಆ ಶನಿವಾರದ ಶೆಡ್ಡನ್ನು ನೋಡಿದವರಲ್ಲಿ ನನ್ನನ್ನು ಬಿಟ್ಟರೆ ಶಾಂತಕ್ಕ ಇದ್ದಾಳೆ. ಟಿಳಕವಾಡಿಯಲ್ಲಿ ಮಗಳ ಮನೆಯಲ್ಲಿರುತ್ತಾಳೆ, ಕೇಳಿದರೆ ಹೇಳುತ್ತಾಳೆ. ಭಾನುವಾರ ಆ ಓರೆ ಸ್ಕ್ರೂಗಳನ್ನು ಕಂಡು, ಕಂಡದ್ದು ಏನೆಂದು ತಿಳಿದವರಲ್ಲಿ ಈಗ ಒಬ್ಬರೇ ಉಳಿದಿದ್ದಾರೆ, ನಂದಗಡದ ಯಲ್ಲಪ್ಪ.